ಬಂದ್ ಐತಿ, ಏರು

ನಮ್ಮ ಕಡೆ ಲೈನ್‌ಮನ್‌ನನ್ನು ಹೆಸರು ಹಿಡಿದು ಯಾರೂ ಕರೆಯುವುದಿಲ್ಲ. ವಾಯರ್‌ಮನ್ ಅಂದರೆ ಮುಗಿಯಿತು. ಪಾಲಬಾವಿಯಿಂದ ಕುಡಚಿಯವರೆಗೆ ಯಾವ ಹೊಲದ ಬದುವಿನ ಮೇಲೆ ನಿಂತು "ಏ ವಾಯರ್‌ಮನ್!" ಎಂದು ಕೂಗಿದರೂ ಮೊದಲು ತಿರುಗಿ ನೋಡುತ್ತಿದ್ದವರು ನನಗೆ ಕೆಲಸ ಕಲಿಸಿದ ಹಿರಿಯರು. ಅಷ್ಟು ವರ್ಷ ಹಾಗೆ ಕೂಗಿಸಿಕೊಂಡ ಮೇಲೆ ಸ್ವಂತ ಹೆಸರಿಗೆ ತಿರುಗುವುದನ್ನೇ ಬಿಟ್ಟಿದ್ದರು. ಆಸ್ಪತ್ರೆಯಲ್ಲಿ ನರ್ಸ್ ಹೆಸರು ಕೂಗಿದಾಗ ಅವರ ಹೆಂಡತಿ ಮೊಣಕೈಯಿಂದ ತಿವಿದು "ನಿಮ್ಮನ್ನ ಕರ್ಯಾಕತ್ತಾರ" ಎಂದು ಹೇಳಬೇಕಾಯಿತು. ಆದ್ದರಿಂದ ನಾನೂ ಇಲ್ಲಿ ಹೆಸರು ಬರೆಯುವುದಿಲ್ಲ. ನಾನು ಅವರನ್ನು ಅಣ್ಣಾ ಅನ್ನುತ್ತಿದ್ದೆ. ಅವರು ನನ್ನನ್ನು ತಮ್ಮಾ ಅನ್ನುತ್ತಿದ್ದರು, ಸಿಟ್ಟು ಬಂದಾಗ ಬೇರೆ ಏನೇನೋ.

ಈ ಸಲ ಕಬ್ಬು ಕಡಿಯುವ ಹಂಗಾಮಿನಲ್ಲಿ ಅವರು ತೀರಿಕೊಂಡರು. ನಾನು ಬರೆಯುವವನಲ್ಲ, ಐಟಿಐ ಓದಿ ಕಂಬ ಏರುವವನು. ಆದರೆ ಆಫೀಸಿನಲ್ಲಿ ಅವರ ಮಾತು ತೆಗೆದರೆ ಎಲ್ಲರೂ "ಭಾಳ ಛಲೋ ಮನಷ್ಯಾ" ಎಂದು ಅಲ್ಲಿಗೇ ಮುಗಿಸುತ್ತಾರೆ. ಆ ಮಾತು ಸುಳ್ಳಲ್ಲ. ಅಷ್ಟೇ ಅಲ್ಲ ಅನ್ನುವುದಕ್ಕೆ ಇದನ್ನು ಬರೆಯುತ್ತಿದ್ದೇನೆ.

ನಾನು ಕೆಲಸಕ್ಕೆ ಸೇರಿದಾಗ ನನ್ನನ್ನು ಅವರ ಜೋಡಿ ಹಾಕಿದರು. ನಮ್ಮ ಕೆಲಸದಲ್ಲಿ ಇಬ್ಬರು ಒಂದು ಜೋಡಿ. ಒಬ್ಬ ಏರುತ್ತಾನೆ, ಇನ್ನೊಬ್ಬ ಕೆಳಗೆ ನಿಂತು ಹಗ್ಗ ಹಿಡಿಯುತ್ತಾನೆ, ಸಾಮಾನು ಕಳಿಸುತ್ತಾನೆ. ಮೊದಲ ದಿನ ಅವರು ನನ್ನ ಕೈ ಹಿಡಿದು ತಿರುವಿ ನೋಡಿದರು. ಕೈ ನೋಡಿ ಭವಿಷ್ಯ ಹೇಳುತ್ತಾರೇನೋ ಅಂದುಕೊಂಡೆ.

"ಇದು ಏನು?" ಎಂದು ಅಂಗೈ ತಟ್ಟಿದರು.

"ಅಂಗೈರಿ."

"ಇದು?" ಎಂದು ಕೈ ತಿರುವಿ ಹಿಂಬದಿ ತಟ್ಟಿದರು.

"ಹಿಂಗೈ."

"ಅಂಗೈ ಹಿಡೀತೈತಿ, ಹಿಂಗೈ ಬಿಡ್ತೈತಿ. ಏನ್ ಮುಟ್ಟಿದ್ರೂ ಮೊದಲ ಹಿಂಗೈಲೆ ಮುಟ್ಟು. ನಿನ್ನ ಹೇಂತಿನ್ನ ಬಿಟ್ಟು."

ವಾಯರಿನಲ್ಲಿ ಕರೆಂಟ್ ಇದ್ದರೆ ಬೆರಳುಗಳು ತಾವೇ ಮುಚ್ಚಿಕೊಳ್ಳುತ್ತವೆ. ಅಂಗೈಯಿಂದ ಮುಟ್ಟಿದವನು ವಾಯರ್ ಬಿಡಲಾರ. ಹಿಂಗೈಯಿಂದ ಮುಟ್ಟಿದವನ ಕೈಯನ್ನು ಅದೇ ಒಗೆಯುತ್ತದೆ. ಐಟಿಐಯಲ್ಲೂ ಇದನ್ನು ಹೇಳಿದ್ದರು. ಆದರೆ ಅಲ್ಲಿ ಹೇಳಿದ್ದು ಪರೀಕ್ಷೆ ಮುಗಿದ ಮೇಲೆ ಮರೆತಿತ್ತು, ಇವರು ಹೇಳಿದ್ದು ಮರೆಯಲಿಲ್ಲ.

ಅವರದು ಕುರಿ ಕಾಯುವವರ ಮನೆತನ. ಅಪ್ಪ ಮಂಗಸೂಳಿ ಮಲ್ಲಯ್ಯನ ಒಕ್ಕಲು. ಇವರೂ ಪ್ರತಿ ರವಿವಾರ ತಮ್ಮ ಸೊಂಟದ ಬೆಲ್ಟಿಗೆ, ಅಂದರೆ ಕಂಬಕ್ಕೆ ಕಟ್ಟಿಕೊಳ್ಳುವ ಅಗಲದ ಪಟ್ಟಿಗೆ, ಚಿಟಿಕೆ ಭಂಡಾರ, ಅಂದರೆ ದೇವರ ಅರಿಶಿನ, ಹಚ್ಚುತ್ತಿದ್ದರು. ಆ ಬೆಲ್ಟು ಹಳದಿಯೂ ಅಲ್ಲದ, ಕಂದೂ ಅಲ್ಲದ ಒಂದು ಬಣ್ಣಕ್ಕೆ ಬಂದಿತ್ತು. ಆಫೀಸಿನಿಂದ ಹೊಸ ಬೆಲ್ಟು ಬಂದಾಗ ನನಗೆ ಕೊಟ್ಟುಬಿಟ್ಟರು. "ಇದಕ್ಕ ನನ್ನ ಗುರುತ ಐತಿ. ಹೊಸಾದಕ್ಕ ಮತ್ತ ಮೊದಲಿಂದ ಗುರುತ ಮಾಡಿಕೊಡಬೇಕಲ್ಲ," ಎಂದರು.

ಅವರು ಬೈಯುತ್ತಿದ್ದದ್ದು ಮರಾಠಿಯಲ್ಲಿ, ಸಮಾಧಾನ ಮಾಡುತ್ತಿದ್ದದ್ದು ಕನ್ನಡದಲ್ಲಿ. ಕಂಬದ ಮೇಲಿನಿಂದ "ಏ ಗಾಢವಾ, ಖಾಲೀ ಬಘ!" ಎಂದು ಕೂಗು ಬಂದರೆ, ಎಲೋ ಕತ್ತೆ, ಕೆಳಗೆ ನೋಡು ಅಂತ, ನಾನು ಕೆಳಗೆ ನೋಡುವ ಹೊತ್ತಿಗೆ ಕಾಲ ಹತ್ತಿರ ಹಾವೋ ತೆರೆದ ಬಾವಿಯೋ ಇರುತ್ತಿತ್ತು. ಇಳಿದು ಬಂದ ಮೇಲೆ ಹೆಗಲ ಮೇಲೆ ಕೈ ಇಟ್ಟು, "ಅಂಜಿದೇನ ತಮ್ಮಾ? ಬಾ, ಚಾ ಕುಡ್ಯೂನು."

ರೈತರ ಜೊತೆ ಅವರ ಜಗಳ ಕೇಳುವುದೇ ಒಂದು ಸುಖ. ಒಮ್ಮೆ ಒಬ್ಬ ಮುದುಕ ಪಂಪ್‌ಸೆಟ್ ಮುಂದೆ ನಿಂತು ಬಾಯಿಗೆ ಬಂದಂತೆ ಕೂಗಾಡಿದ.

"ಲೇ ವಾಯರ್‌ಮನ್, ಕರೆಂಟ್ ಯಾವಾಗ ಬರ್ತೈತಿ ಅಷ್ಟ ಹೇಳು!"

"ನಿನ್ನ ಸೊಸಿ ತವರಮನಿಯಿಂದ ಯಾವಾಗ ಬರ್ತಾಳ ಅಂತ ನೀ ಮೊದಲ ಹೇಳು ಕಾಕಾ, ಆಮ್ಯಾಲ ಕರೆಂಟಿಂದ ನಾ ಹೇಳ್ತೀನಿ."

ಮುದುಕ ಕೋಲು ಎತ್ತಿದ. ಆಮೇಲೆ ತಾನೇ ನಕ್ಕ. ಹೋಗುವಾಗ ನಮಗಿಬ್ಬರಿಗೂ ಕೈತುಂಬ ಹಸಿ ಕಡಲೆ ಕೊಟ್ಟ.

ಅವಘಡ ಆದದ್ದು ಮಳೆಗಾಲಕ್ಕೆ ಮೊದಲಿನ ಅಡ್ಡಮಳೆಯ ದಿನ. ಗಾಳಿಗೆ ಊರೊಳಗಿನ ಲೈನಿನ ಒಂದು ತಂತಿ ಕಡಿದಿತ್ತು. ಪದ್ಧತಿಯಂತೆ ಅವರು ಸಬ್‌ಸ್ಟೇಷನ್‌ಗೆ ಫೋನ್ ಮಾಡಿ ಲೈನ್ ಬಂದ್ ಮಾಡಿಸಿದರು. "ಬಂದ್ ಐತಿ" ಎಂದು ಅಲ್ಲಿಂದ ಉತ್ತರ ಬಂತು. ಏರಿದರು. ಹಿಂಗೈಯಿಂದ ಮುಟ್ಟಿ ನೋಡಿದರು. ಏನೂ ಇರಲಿಲ್ಲ. ಕೆಲಸ ಶುರು ಮಾಡಿದರು.

ಅದೇ ಓಣಿಯ ಕೊನೆಯಲ್ಲಿ ಒಂದು ಮದುವೆ. ಅಕ್ಕಿಕಾಳು ಹಾಕುವ ಮುಹೂರ್ತಕ್ಕೆ ಮೈಕು ಇಲ್ಲವೆಂದು ಆ ಮನೆಯವರು ಜನರೇಟರ್ ಹಚ್ಚಿದರು. ಅದರ ವಾಯರನ್ನು ಯಾರೋ ಮನೆಯ ಬೋರ್ಡಿಗೇ ಸಿಗಿಸಿದ್ದರು. ಕರೆಂಟು ಮನೆಯಿಂದ ಹೊರಗೆ ಹೊರಟು, ಉಲ್ಟಾ ಹರಿದು ಕಂಬಕ್ಕೆ ಬಂತು. ಮಂಗಲಾಷ್ಟಕ ಮೈಕಿನಲ್ಲಿ ಕೇಳಿಸಿದ್ದೂ, ಅಣ್ಣನ ಕೈಯಿಂದ ಹೊಗೆ ಎದ್ದದ್ದೂ ಒಂದೇ ಹೊತ್ತು.

ಅವರು ಬೀಳಲಿಲ್ಲ. ಬೆಲ್ಟು ಅವರನ್ನು ಕಂಬಕ್ಕೆ ಹಿಡಿದಿತ್ತು. ಜನರೇಟರ್ ಬಂದ್ ಮಾಡಿಸಿ ನಾನು ಏರುವವರೆಗೆ ಆ ಭಂಡಾರದ ಬೆಲ್ಟಿಗೇ ಜೋತು ಬಿದ್ದಿದ್ದರು.

ಮಿರಜದ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಇದ್ದರು. ತೊಡೆಯ ಚರ್ಮ ತೆಗೆದು ಎಡಗೈಗೆ ಹಚ್ಚಿದರು. ಎರಡು ಬೆರಳು ಸೊಟ್ಟಾಗಿಯೇ ಉಳಿದವು. ಮದುವೆ ಮನೆಯವರು, ಮದುಮಗನೂ ಸೇರಿ, ಎಳನೀರು ತಗೊಂಡು ನೋಡಲು ಬಂದರು, ಅತ್ತರು. ಅಣ್ಣ ಅವರನ್ನೇ ಸಮಾಧಾನ ಮಾಡಿದರು. ಯಾರ ಮೇಲೆ ಸಿಟ್ಟು ಮಾಡುವುದು? ಸಬ್‌ಸ್ಟೇಷನ್‌ನವನು ಹೇಳಿದ್ದು ಖರೆಯೇ ಇತ್ತು. ಲೈನ್ ಬಂದ್ ಇತ್ತು. ಬಂದ್ ಇದ್ದ ಲೈನೇ ಅವರ ಕೈ ಸುಟ್ಟಿತ್ತು.

ಕೈ ವಾಸಿಯಾಯಿತು. ಡಾಕ್ಟರು ಕೆಲಸಕ್ಕೆ ಹೋಗಬಹುದು ಎಂದರು. ಆಮೇಲೆಯೇ ನಮಗೆ ಇನ್ನೊಂದು ಗೊತ್ತಾದದ್ದು.

ಒಂದು ದಿನ ಅವರ ಮನೆಗೆ ಹೋದಾಗ ಸಂಜೆಯಾಗಿತ್ತು. ಅವರು ಕತ್ತಲಲ್ಲಿ ಕುಳಿತಿದ್ದರು. ವೈನಿ, ಅಂದರೆ ಅವರ ಹೆಂಡತಿ, ಹೊರಗಿನಿಂದ ಬಂದು ದೀಪ ಹಚ್ಚಿದರು. "ಇವ್ರು ಬಟನ್ ಮುಟ್ಟೂದಿಲ್ಲೋ. ನಾ ಹೊಲದಿಂದ ಬರೂತನಕ ಹಿಂಗ ಕತ್ತಲ್ಯಾಗ," ಎಂದರು. ಚಹಾ ಬಂತು. ಅಣ್ಣ ಸ್ಟೀಲ್ ಲೋಟವನ್ನು ಮೊದಲು ಹಿಂಗೈಯಿಂದ ಮುಟ್ಟಿದರು, ಆಮೇಲೆ ಎತ್ತಿಕೊಂಡರು. ನಾನು ನಕ್ಕೆ. ಅವರು ನಗಲಿಲ್ಲ. ಹೊರಡುವಾಗ ನನ್ನ ಹೆಗಲ ಮೇಲೆ ಕೈ ಇಟ್ಟರು. ಅದೂ ಹಿಂಗೈ.

ಊರವರು ಕಂಬದ ಗಾಳಿ ಬಡಿದಿದೆ ಅಂದರು. ವೈನಿ ಮಂಗಸೂಳಿಗೆ ಕರೆದುಕೊಂಡು ಹೋಗಿ ಭಂಡಾರ ಹಚ್ಚಿಸಿ ತಂದರು. "ಏನಂತಾನ ಮಲ್ಲಯ್ಯ?" ಎಂದು ಅಣ್ಣನನ್ನು ಕೇಳಿದೆ.

"ನೋವು ಇಸಗೊಂಡಾನ. ಅಂಜಿಕಿ ನನ್ನ ಕಡೇನ ಬಿಟ್ಟಾನ," ಎಂದರು.

ತಾಲ್ಲೂಕು ಆಸ್ಪತ್ರೆಗೆ ಆಗ ಒಬ್ಬ ಹುಡುಗಿ ಬರುತ್ತಿದ್ದಳು. ಮನಸ್ಸಿನ ಸಮಾಧಾನ ಹೇಳುವ ಕೆಲಸ. ಮೈಸೂರು ಕಡೆಯವಳು, ಪುಸ್ತಕದಂಥ ಕನ್ನಡ. ಕೈಯ ಪಟ್ಟಿ ಬಿಚ್ಚಿದ ನರ್ಸೇ ನಮ್ಮನ್ನು ಅವಳ ಕೋಣೆಗೆ ಕಳಿಸಿದ್ದಳು. ಅಣ್ಣ ನನ್ನನ್ನೂ ಒಳಗೆ ಕರೆದರು. ಅವಳು ಬೇಡ ಎನ್ನಲಿಲ್ಲ.

"ಕಂಬ ನೋಡಿದಾಗ ನಿಮಗೆ ಏನನ್ನಿಸುತ್ತದೆ?" ಎಂದು ಕೇಳಿದಳು.

"ಕಂಬ ನೋಡಿದ್ರ ಏನೂ ಅನಸೂದಿಲ್ರಿ ಅವ್ವಾರ. ಬಂದ್ ಐತಿ ಅಂದ್ರ ಅಂಜಿಕಿ ಬರ್ತೈತಿ."

"ಕರೆಂಟ್ ಇದೆ ಅಂದರೆ?"

"ಚಾಲೂ ಐತಿ ಅಂದ್ರ ಯಾತರ ಅಂಜಿಕಿ? ಚಾಲೂ ಇದ್ದದ್ದನ್ನ ಯಾಂವ ಮುಟ್ತಾನ?"

ಅವಳು ಬರೆಯುವುದನ್ನು ನಿಲ್ಲಿಸಿ ಅವರನ್ನೇ ನೋಡಿದಳು. ಆಮೇಲೆ ಬಹಳ ಹೊತ್ತು ಕೆಲಸದ ಬಗ್ಗೆಯೇ ಕೇಳಿದಳು. ಕಂಬದ ಮೇಲೆ ಗಾಳಿ ಹೇಗಿರುತ್ತದೆ, ಮೇಲಿನಿಂದ ಕೃಷ್ಣಾ ಹೊಳೆ ಕಾಣುತ್ತದೆಯೇ, ಮೊದಲ ಸಲ ಏರಿದ್ದು ಯಾವ ಊರಲ್ಲಿ. ಅಣ್ಣ ಅವಘಡ ಆದ ಮೇಲೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಕೊನೆಗೆ ಅವಳು ಹೇಳಿದ್ದು ಸಣ್ಣ ಮಾತು. ಕೆಲಸಕ್ಕೆ ಒಂದೇ ಸಲ ಮರಳಬೇಡಿ, ಸ್ವಲ್ಪ ಸ್ವಲ್ಪವೇ ಮರಳಿ. ಮೊದಲು ವಾಯರೇ ಇಲ್ಲದ ಒಂದು ಕಂಬ ಹುಡುಕಿ. ಅದರ ಹತ್ತಿರ ಹೋಗಿ ನಿಲ್ಲಿ. ಸಾಕು ಅನ್ನಿಸಿದರೆ ಮನೆಗೆ ಹೋಗಿ, ಮರುದಿನ ಮತ್ತೆ ಬನ್ನಿ. ಆಮೇಲೆ ನನ್ನ ಕಡೆ ತಿರುಗಿದಳು.

"ಅವರ ಬದಲು ನೀವು ಮಾಡಬೇಡಿ. ಅವರು ಮಾಡುವಾಗ ನೀವು ಇರಿ. ಅಷ್ಟೇ ನಿಮ್ಮ ಕೆಲಸ."

ಹೊರಗೆ ಬಂದು ಅಣ್ಣ ಅಂದರು: "ಹುಡಿಗಿ ಶ್ಯಾಣೇಕಿ ಐತಿ. ಕಂಬದ ಬುಡಕ ನಿಂತಾಕಿ ಹಂಗ ಮಾತಾಡ್ತೈತಿ."

ವಾಯರ್ ಇಲ್ಲದ ಕಂಬ ನಮ್ಮಲ್ಲಿ ಹುಡುಕಬೇಕಾಗಿರಲಿಲ್ಲ. ಹೊಳೆ ಬಂದು ಮುಳುಗಿಸಿದ ಮೇಲೆ ದಂಡೆಯ ಒಂದು ವಸತಿಯ ಜನ ಮೇಲಕ್ಕೆ ಹೋಗಿದ್ದರು. ಮನೆ ಹೋದವು, ವಾಯರ್ ತೆಗೆದೆವು, ಒಂದು ಕಬ್ಬಿಣದ ಕಂಬ ಮಾತ್ರ ಕಬ್ಬಿನ ಹೊಲದ ನಡುವೆ ಉಳಿದಿತ್ತು. ಅದರ ಮೇಲೆ ಒಂದು ಮಿಂಚುಳ್ಳಿ ಕೂರುತ್ತಿತ್ತು. ಬೆಳಿಗ್ಗೆ ಡ್ಯೂಟಿಗೆ ಹೋಗುವ ಮೊದಲು ನಾನು ಅವರನ್ನು ಗಾಡಿಯ ಮೇಲೆ ಅಲ್ಲಿಗೆ ಕರೆದೊಯ್ಯುತ್ತಿದ್ದೆ.

ಮೊದಲ ದಿನ ಅವರು ದೂರವೇ ನಿಂತು ಎಲೆ ಅಡಿಕೆ ಹಾಕಿಕೊಂಡರು, ಉಗುಳಿದರು, ವಾಪಸ್ ಹೊರಟರು. ಎರಡನೆಯ ದಿನವೂ ಹಾಗೆಯೇ. ಒಂದು ದಿನ ಹತ್ತಿರ ಹೋಗಿ ಹಿಂಗೈ ಹಚ್ಚಿದರು. ಬೆವರು ಕಿವಿಯ ಹಿಂದಿನಿಂದ ಇಳಿಯುತ್ತಿತ್ತು.

"ಬಂದ್ ಐತೇನೋ?" ಎಂದರು.

"ಅಣ್ಣಾ, ವಾಯರ ಇಲ್ಲ ಇದಕ್ಕ."

"ಅದು ನನಗೂ ಕಾಣತೈತಿ. ನೀ ಹೇಳು."

ನಾನು ಕತ್ತೆತ್ತಿ ಮೇಲೆ ನೋಡಿದೆ. ಮಿಂಚುಳ್ಳಿ ಕೂತಿತ್ತು. "ಬಂದ್ ಐತಿ. ನಾ ನೋಡೀನಿ. ಏರು," ಎಂದೆ. ಅವರಿಗೆ ನಾನು ಏಕವಚನದಲ್ಲಿ ಮಾತಾಡಿದ್ದು ಅದೇ ಮೊದಲು. ಅವರು ಅದನ್ನು ಗಮನಿಸಲೇ ಇಲ್ಲ. ಬೆಲ್ಟು ಕಟ್ಟಿಕೊಂಡು ಒಂದು ಕಾಲು ಮೇಲಿಟ್ಟರು, ಇಳಿಸಿದರು. ಆ ದಿನಕ್ಕೆ ಅಷ್ಟು.

ಕಬ್ಬು ಮೊಣಕಾಲುದ್ದ ಇದ್ದದ್ದು ಎದೆಯುದ್ದ ಆಗುವ ಹೊತ್ತಿಗೆ ಅವರು ನಡುವಿನವರೆಗೆ ಏರುತ್ತಿದ್ದರು. ಸೊಟ್ಟ ಬೆರಳುಗಳಿಗೆ ಒಂದು ಹೊಸ ಹಿಡಿತ ಕಲಿಸಿಕೊಂಡಿದ್ದರು. ಒಂದು ಮುಂಜಾನೆ ತುದಿಗೆ ಹೋದರು. ಮಿಂಚುಳ್ಳಿ ಹಾರಿತು. ಅಲ್ಲಿಂದ ಏನೋ ಕೂಗಿದರು, ಗಾಳಿಗೆ ನನಗೆ ಕೇಳಿಸಲಿಲ್ಲ. ನಾನು ಬಾಯಿ ತೆರೆದು ಮೇಲೆ ನೋಡುತ್ತಾ ನಿಂತಿದ್ದೆ.

"ಏ ಗಾಢವಾ! ಖಾಲೀ ಬಘ!"

ಕೆಳಗೆ ನೋಡಿದೆ. ಇರುವೆ ಗೂಡಿನ ಮೇಲೆ ನಿಂತಿದ್ದೆ. ಕಾಲು ಝಾಡಿಸುತ್ತಾ ನಾನು ನಗುತ್ತಿದ್ದೆ, ಕಣ್ಣಲ್ಲಿ ನೀರೂ ಬಂತು. ಅವಘಡ ಆದ ಮೇಲೆ ಅವರು ಮರಾಠಿಯಲ್ಲಿ ಬೈದದ್ದು ಆವತ್ತೇ.

ಆ ಹುಡುಗಿಗೆ ಇದನ್ನು ಹೇಳಬೇಕೆಂದು ಆಸ್ಪತ್ರೆಗೆ ಹೋದೆವು. ಅವಳ ಕರಾರು ಮುಗಿದು ಊರಿಗೆ ಹೋಗಿದ್ದಳು. ಬೇರೆಯವರು ಬರುತ್ತಾರೆ ಅಂದರು. ಯಾರೂ ಬರಲಿಲ್ಲ. ಈಗ ಆ ಕೋಣೆಯಲ್ಲಿ ಔಷಧದ ಪೆಟ್ಟಿಗೆ ಇಟ್ಟಿದ್ದಾರೆ.

ಹೋಗುವ ಮೊದಲು ಒಮ್ಮೆ ಅವಳು ನನಗೆ, ಈ ವಿಷಯ ನಿಮ್ಮ ಆಫೀಸಿಗೂ ತಿಳಿಸಿ, ಅವರಿಗೂ ಗೊತ್ತಿರಬೇಕು ಎಂದಿದ್ದಳು. ನಮ್ಮ ಸಾಹೇಬರಿಗೆ ಹೇಳಿ ನೋಡಿದ್ದೆ. ಸಾಹೇಬರು ಕೆಟ್ಟವರಲ್ಲ. ಅಣ್ಣ ಮಿರಜದಲ್ಲಿದ್ದಾಗ ವಾರವಾರ ಹೋಗಿ ನೋಡಿ ಬಂದವರು. ಬಾಗಿಲು ಮುಂದೆ ಮಾಡಿ ದನಿ ತಗ್ಗಿಸಿದರು.

"ಮನಸ್ಸಿನ ಡಾಕ್ಟರ? ಛೇ ಛೇ. ಅಂವಗೇನ್ ಹುಚ್ಚ ಹಿಡದೈತಿ? ಮಂದಿ ಮುಂದ ಇದನ್ನ ಆಡಬ್ಯಾಡ. ಮನಷ್ಯಾನ ಮರ್ಯಾದಿ ಹೊಕ್ಕೈತಿ. ನಾವೆಲ್ಲಾ ಅದೀವಲ್ಲ, ನಾವ ಧೈರ್ಯ ಕೊಡೂನು."

ಹೊರಗಿನವರಿಗೆ ನಮ್ಮ ಕಡೆಯ ಸತ್ಕಾರದ ಹುಚ್ಚು ಗೊತ್ತಿರಲಿಕ್ಕಿಲ್ಲ. ಚಿಕ್ಕೋಡಿ, ನಿಪ್ಪಾಣಿ, ಅಥಣಿ, ಎಲ್ಲಿಗೆ ಹೋದರೂ ಇದೊಂದು ತಪ್ಪುವುದಿಲ್ಲ. ಮಗ ಪಾಸಾದರೆ ಸತ್ಕಾರ, ಸೊಸೈಟಿಗೆ ಆರಿಸಿ ಬಂದರೆ ಸತ್ಕಾರ, ಮಿಲ್ಟ್ರಿಯಿಂದ ರಜೆಗೆ ಬಂದರೂ ಸತ್ಕಾರ. ತಲೆಗೆ ಪಟಕಾ ಸುತ್ತಿ, ಹೆಗಲಿಗೆ ಶಾಲು ಹೊದಿಸಿ, ಕೈಗೆ ತೆಂಗಿನಕಾಯಿ ಕೊಟ್ಟು, ನಾಲ್ಕು ಮಂದಿ ಎದ್ದು ನಿಂತು ಹೊಗಳದಿದ್ದರೆ ನಮ್ಮವರಿಗೆ ಪ್ರೀತಿ ತೋರಿಸಿದ ಹಾಗೆಯೇ ಆಗುವುದಿಲ್ಲ.

ಅಣ್ಣ ಕೆಲಸಕ್ಕೆ ಹಾಜರಾಗುವ ದಿನ ಬಂತು. ನಾವಿಬ್ಬರೂ ಮಾತಾಡಿಕೊಂಡಿದ್ದೆವು. ಮೊದಲ ವಾರ ಅವರು ಕೆಳಗೆ ನಿಲ್ಲುವುದು, ನಾನು ಏರುವುದು. ಆಮೇಲೆ ಒಂದು ಸುಲಭದ ಕಂಬ ನೋಡಿ ಅವರು ಏರುವುದು. ನಾನೇ ಸಬ್‌ಸ್ಟೇಷನ್‌ಗೆ ಹೋಗಿ ಕಣ್ಣಾರೆ ನೋಡಿ ಬಂದು ಬಂದ್ ಐತಿ ಎಂದು ಹೇಳುವುದು. ಅವರು ಹಿಂದಿನ ದಿನವೇ ಇಕ್ಕಳಕ್ಕೆ ಎಣ್ಣೆ ಬಿಟ್ಟು, ಬೆಲ್ಟಿಗೆ ಭಂಡಾರ ಹಚ್ಚಿ ಇಟ್ಟಿದ್ದರು. ವೈನಿ ಖಾಕಿ ಅಂಗಿಗೆ ಇಸ್ತ್ರಿ ಮಾಡಿಸಿ ತಂದಿದ್ದರು.

ಆಫೀಸಿನ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಖುರ್ಚಿಗೆ ಬಿಳಿ ಬಟ್ಟೆ. ಪೇಟೆಯ ನಾಲ್ಕು ದೊಡ್ಡ ಮನುಷ್ಯರು. ಅಣ್ಣ ಹೆಗಲ ಮೇಲೆ ಬೆಲ್ಟು, ಕೈಯಲ್ಲಿ ಸಾಮಾನಿನ ಚೀಲ ಹಿಡಿದು ಗೇಟಿನಲ್ಲಿ ನಿಂತುಬಿಟ್ಟರು.

"ಯಾರದೋ ಇದು? ಯಾರ್ ರಿಟಾಯರ್ ಆದ್ರು?"

"ನಿಮ್ಮದ ಅಣ್ಣಾ!" ಎಂದು ಸ್ಟೋರಿನ ರಾವಸಾಬ ಕೈ ಹಿಡಿದು ಎಳೆದುಕೊಂಡು ಹೋದ. ಸತ್ಕಾರದ ಓಡಾಟವೆಲ್ಲ ಅವನದೇ. ಪಟಕಾ ಸುತ್ತಿದರು. ಶಾಲು ಹೊದಿಸಲು ಬಂದಾಗ ಬೆಲ್ಟು ಅಡ್ಡ ಬಂತು.

"ಬೆಲ್ಟ್ ತಗೀರಿ ಅಣ್ಣಾ, ಶಾಲು ಕೂಡೂದಿಲ್ಲ."

ಅವರು ತೆಗೆಯುವವರೆಗೂ ರಾವಸಾಬ ಕಾಯಲಿಲ್ಲ, ತಾನೇ ತೆಗೆದು ಒಳಗೆ ಒಯ್ದು ಗೋಡೆಯ ಮೊಳೆಗೆ ಹಾಕಿದ. ಶಾಲು ಸರಿಯಾಗಿ ಕೂತಿತು. ಫೋಟೊ ತೆಗೆದರು. ಒಬ್ಬರಾದ ಮೇಲೆ ಒಬ್ಬರು ಎದ್ದು ಸಾವಿನ ಬಾಯಿಂದ ಬಂದವರು, ಪುನರ್ಜನ್ಮ, ಎಂದೆಲ್ಲ ಹೇಳಿದರು. ಕೊನೆಗೆ ಸಾಹೇಬರು ಎದ್ದರು.

"ಇವತ್ತ ಇಲ್ಲಿ ಎಲ್ಲಾರ ಮುಂದ ಒಂದ ಮಾತ ಕೊಡ್ತೀನಿ. ಇನ್ನ ಮ್ಯಾಲ ಇವರನ್ನ ಕಂಬ ಏರಸೂದಿಲ್ಲ. ಏರಲಾಕ ನಾವು ಬಿಡೂದ ಇಲ್ಲ. ಸಬ್‌ಸ್ಟೇಷನ್ದಾಗ ಖುರ್ಚಿ ಹಾಕಿ ಕೊಡ್ತೀವಿ, ಆರಾಮ ಕುಂಡ್ರಲಿ. ಭಾಳ ದುಡದಾರ."

ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ. ಅದು ಮನಸ್ಸಿನಿಂದ ಬಂದ ಚಪ್ಪಾಳೆ. ಅಣ್ಣ ಪಟಕಾದ ಕೆಳಗಿನಿಂದ ನನ್ನನ್ನು ಹುಡುಕಿ ನೋಡಿದರು. ಎರಡು ಮಾತು ಆಡಿ ಎಂದು ಮೈಕು ಕೊಟ್ಟರು. ಅವರು ಮೈಕನ್ನು ಮೊದಲು ಹಿಂಗೈಯಿಂದ ಮುಟ್ಟಿದರು.

"ನಾ ಇನ್ನೂ ಬಂದ ಇಲ್ರಿ," ಎಂದರು. "ಆಗಲೇ ಕಳಸಾಕತ್ತೀರಿ."

ಎಲ್ಲರೂ ನಕ್ಕರು. ಅಣ್ಣನ ಚೇಷ್ಟೆ ಎಲ್ಲರಿಗೂ ಗೊತ್ತಿದ್ದದ್ದೇ. ಮೈಸೂರುಪಾಕು, ಚೂಡಾ ಹಂಚಿದರು.

ಮನೆಗೆ ಬಿಡಲು ಹೋದಾಗ ವೈನಿ ಶಾಲು ನೋಡಿ ಬಾಗಿಲಲ್ಲೇ ನಿಂತರು. "ಇದೇನಿದು? ಡ್ಯೂಟಿಗಿ ಹೋದವರಿಗಿ ಶಾಲ್ ಯಾಕ?" ನಾನು ಹೇಳಿದೆ. "ಕಂಬ ಏರೂದ ತಪ್ಪಿತಲ್ಲ, ನನಗ ಸಮಾಧಾನಾನ ಆತು, ಖರೆ ಹೇಳ್ತೀನಿ," ಎಂದರು. ಆಮೇಲೆ ಒಳಗೆ ನೋಡಿದರು. ಅಣ್ಣ ಪಟಕಾ ತೆಗೆಯದೆಯೇ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. "ಅವ್ರ ಮಾರಿ ನೋಡೋ. ಮಿರಜದಾಗೂ ಹಿಂಗ ಇರಲಿಲ್ಲ," ಎಂದರು.

ನಾನು ಬಿಡಲಿಲ್ಲ. ಕೆಲವು ದಿನ ಬಿಟ್ಟು ಮತ್ತೆ ಕರೆದೆ. ಒಮ್ಮೆ ಬಂದರು. ಕಬ್ಬು ಆಗ ತಲೆಗಿಂತ ಎತ್ತರ ಬೆಳೆದಿತ್ತು, ಕಂಬಕ್ಕೆ ದಾರಿ ಮಾಡಿಕೊಂಡು ಹೋಗಬೇಕಾಯಿತು. ಬುಡದಲ್ಲಿ ನಿಂತರು. ನನ್ನ ಬೆಲ್ಟು ಕೊಟ್ಟೆ. ಹಿಡಿದುಕೊಂಡು ನಿಂತರು.

"ಬಂದ್ ಐತಿ. ನಾ ನೋಡೀನಿ," ಎಂದೆ.

"ನೀ ಒಬ್ಬಾಂವ ಹೇಳ್ತಿ ತಮ್ಮಾ. ಅಲ್ಲೆ ಅಷ್ಟು ಮಂದಿ ಕೂಡಿ, ಮೈಕ್‌ನ್ಯಾಗ ಹೇಳ್ಯಾರಲ್ಲೋ, ಇಂವನಿಂದ ಆಗೂದಿಲ್ಲಂತ. ಅವ್ರೆಲ್ಲಾ ನನ್ನ ಮಂದಿ. ಸುಳ್ಳ ಹೇಳ್ತಾರೇನು?"

"ಅವರು ಹಂಗ ಅಂದಿಲ್ಲಣ್ಣಾ."

"ಮತ್ತ ಹೆಂಗ ಅಂದಾರ?"

ಆ ಹುಡುಗಿ ಇದ್ದಿದ್ದರೆ ಅವಳ ಹತ್ತಿರ ಇದಕ್ಕೆ ಉತ್ತರ ಇರುತ್ತಿತ್ತೇನೋ. ಅವರು ಬೆಲ್ಟನ್ನು ಮಡಚಿ ನನಗೇ ಕೊಟ್ಟರು. ಆ ಕಂಬದ ಹತ್ತಿರ ನಾವು ಮತ್ತೆ ಹೋಗಲಿಲ್ಲ.

ಸಬ್‌ಸ್ಟೇಷನ್‌ನಲ್ಲಿ ಅವರಿಗೆ ಗಾದಿ ಹಾಕಿದ ಖುರ್ಚಿ ಕೊಟ್ಟರು. ಯಾರೂ ಅವರಿಂದ ಒಂದು ಕಡ್ಡಿ ಎತ್ತಿಸುತ್ತಿರಲಿಲ್ಲ. ನೀರು ತರಲು ಎದ್ದರೆ "ನೀವು ಕುಂಡ್ರಿ ಅಣ್ಣಾ" ಎಂದು ನಾಲ್ಕು ಜನ ಏಳುತ್ತಿದ್ದರು. ಚಹಾ ಅವರ ಕೈಗೇ ಬರುತ್ತಿತ್ತು. ಫೋನ್ ಎತ್ತುವ ಕೆಲಸ ಮಾತ್ರ ಉಳಿದಿತ್ತು. ಆ ಒಂದು ಕೆಲಸವನ್ನು ಅವರು ಯಾರಿಗೂ ಬಿಡಲಿಲ್ಲ.

ಲೈನ್ ಬಂದ್ ಮಾಡಿ ಎಂದು ನಾವು ಫೋನ್ ಮಾಡಿದರೆ ಬೇರೆಯವರು ಒಳಗೇ ಬಟನ್ ಒತ್ತಿ ಆಯಿತು ಅನ್ನುತ್ತಾರೆ. ಅಣ್ಣ ಹಾಗಲ್ಲ. ಬಟನ್ ಅನ್ನು ಬೇರೆಯವರಿಂದ ಒತ್ತಿಸಿ, ತಾವು ಅಂಗಳಕ್ಕೆ ಹೋಗಿ, ಮೇಲಿನ ಸ್ವಿಚ್ಚಿನ ಎರಡು ತೋಳು ಬಿಟ್ಟುಕೊಂಡಿದ್ದನ್ನು ಕಣ್ಣಾರೆ ನೋಡಿ, ಅದರ ಹಿಡಿಕೆಗೆ ಕೀಲಿ ಹಾಕಿ, ಕೀಲಿಕೈಯನ್ನು ಕಿಸೆಯಲ್ಲಿಟ್ಟುಕೊಂಡು ವಾಪಸ್ ಬರುತ್ತಿದ್ದರು. ಆಮೇಲೆ ಮದುವೆ ಇದೆಯೇ, ಮೈಕಿನ ಸಪ್ಪಳ ಇದೆಯೇ, ಓಣಿಯಲ್ಲಿ ಯಾರ ಮನೆಯಲ್ಲಿ ಜನರೇಟರ್ ಇದೆ ಎಂದು ಒಂದೊಂದೇ ಕೇಳುತ್ತಿದ್ದರು. ನಾವು ಬಿಸಿಲಲ್ಲಿ ಕಾಯುತ್ತಾ ನಿಲ್ಲಬೇಕು.

"ಅಣ್ಣ ಪೂಜಾಕ ಹೋಗ್ಯಾರ, ಮಂಗಳಾರತಿ ಆಗೂತನಕ ನಿಂದ್ರು," ಎಂದು ಕುಡಚಿಯ ಇರ್ಫಾನ ನಗುತ್ತಿದ್ದ. ಅಣ್ಣನ ನಂತರ ನನ್ನ ಜೋಡಿ ಅವನೇ.

ಪೂಜೆ ಮುಗಿದ ಮೇಲೆ ಫೋನಿನಲ್ಲಿ ಅದೇ ದನಿ. "ಬಂದ್ ಐತಿ. ನಾ ನೋಡಿ ಬಂದೀನಿ. ಏರು."

ಆ ದನಿ ಕೇಳಿದ ಮೇಲೆ ನಾನು ಎಂದೂ ಹಿಂದೆ ಮುಂದೆ ನೋಡಲಿಲ್ಲ. ಇರ್ಫಾನನೂ ಅಷ್ಟೇ. ನಗುತ್ತಿದ್ದ, ಆದರೆ ಅಣ್ಣನ ಪಾಳಿ ಇಲ್ಲದ ದಿನ ಕೆಲಸವನ್ನೇ ಮರುದಿನಕ್ಕೆ ಹಾಕುತ್ತಿದ್ದ.

ಇದೂ ಒಂದು ಕೆಲಸವೇ ಅಲ್ಲವೇ, ಇದೂ ಮರಳಿ ಬಂದ ಹಾಗೆಯೇ ಅಲ್ಲವೇ, ಎಂದು ಅವರಿಗೆ ಒಮ್ಮೆ ಹೇಳಿದೆ. ಅವರು ಕಿಟಕಿಯಿಂದ ಹೊರಗೆ ನೋಡುತ್ತಿದ್ದರು. "ನೀ ಹೇಳೂದು ಖರೆ ಐತಿ," ಎಂದರು. ಆಮೇಲೆ, "ಮನಿಗಿ ಹೋದ್ರ ಇನ್ನೂ ಬಟನ್ ಅಕೀನ ಒತ್ತತಾಳೋ," ಎಂದರು.

ಅವರು ಹೋದದ್ದು ಒಂದು ಬೆಳಿಗ್ಗೆ. ಪಾಳಿ ಮುಗಿಸಿ ಬಂದು, ಸ್ನಾನಕ್ಕೆ ನೀರು ಕಾಯಲಿ ಎಂದು ಕಟ್ಟೆಯ ಮೇಲೆ ಕುಳಿತವರು ಎದೆ ಹಿಡಿದುಕೊಂಡರಂತೆ. ರಾಯಬಾಗದ ಆಸ್ಪತ್ರೆ ಮುಟ್ಟುವ ಮೊದಲೇ ಮುಗಿದಿತ್ತು. ನಾನು ಹೋದಾಗ ಅಂಗಳದಲ್ಲಿ ಮಲಗಿಸಿದ್ದರು. ಹತ್ತಿರ ಕುಳಿತು ಹಣೆ ಮುಟ್ಟಿದೆ. ಹಿಂಗೈಯಿಂದಲೇ ಮುಟ್ಟಿದೆ ಎಂಬುದು ಮುಟ್ಟಿದ ಮೇಲೆ ಗೊತ್ತಾಯಿತು.

ಆಫೀಸಿನವರು ಬಂದರು. ಸಾಹೇಬರು ಅತ್ತರು. ರಾವಸಾಬ ಹೂವಿನ ಹಾರ ಹಾಕಿ ಒಂದು ಶಾಲು ಹೊದಿಸಿದ. ವೈನಿ ಅದನ್ನು ನೋಡಿದರು.

ಮಣ್ಣು ಮಾಡಿ ಬಂದ ಮೇಲೆ ನಾನು ಆಫೀಸಿಗೆ ಹೋಗಿ ಮೊಳೆಗೆ ಹಾಕಿದ್ದ ಬೆಲ್ಟನ್ನು ತಂದು ವೈನಿಗೆ ಕೊಟ್ಟೆ. ಆವತ್ತು ರಾವಸಾಬ ತೂಗುಹಾಕಿದಲ್ಲೇ ಇತ್ತು. ಯಾರೂ ಮುಟ್ಟಿರಲಿಲ್ಲ, ಅಣ್ಣನೂ ಮುಟ್ಟಿರಲಿಲ್ಲ. ವೈನಿ ಕೈಯಲ್ಲಿ ಹಿಡಿದು ನೋಡಿ, "ಇದನ್ನ ನನಗ್ಯಾಕ ತಂದಿ? ಅವ್ರ ಕೂಡ ಕಳಸಬೇಕಿತ್ತೋ," ಎಂದರು. ಅಷ್ಟರಲ್ಲಿ ಎಲ್ಲ ಮುಗಿದಿತ್ತು.

ಅದಾಗಿ ಕೆಲವು ದಿನಕ್ಕೆ ಕಾಗವಾಡ ಕಡೆಯ ಒಂದು ಲೈನಿನಲ್ಲಿ ಕೆಲಸ ಬಂತು. ನಾನು ಸಬ್‌ಸ್ಟೇಷನ್‌ಗೆ ಫೋನ್ ಮಾಡಿದೆ. ಹೊಸ ಹುಡುಗ ಎತ್ತಿದ.

"ಬಂದ್ ಮಾಡೀನ್ರಿ. ಏರ್ರಿ."

ನಾನು ಇನ್ನೂ ಮಾತು ಮುಗಿಸಿರಲಿಲ್ಲ.

"ಹೊರಗ ಹೋಗಿ ನೋಡಿ ಬಂದಿಯೇನೋ?"

"ಏನ್ ನೋಡೂದ್ರಿ ಅದ್ರಾಗ? ಇಲ್ಲೇ ದೀಪಾ ತೋರಸಾಕತ್ತೈತಿ."

ಅವನು ಹೇಳಿದ್ದು ಖರೆಯೇ ಇರಬೇಕು. ಬೆಲ್ಟು ಕಟ್ಟಿಕೊಂಡೆ. ಕಂಬಕ್ಕೆ ಹಿಂಗೈ ಹಚ್ಚಿದೆ. ಬಿಸಿಲಿಗೆ ಕಾದಿತ್ತು, ಬೇರೆ ಏನೂ ಇರಲಿಲ್ಲ. ಕಾಲು ಎತ್ತಿದೆ. ಕಾಲು ಮೇಲೆ ಬರಲಿಲ್ಲ. ಬೆವರು ಕಿವಿಯ ಹಿಂದಿನಿಂದ ಇಳಿಯತೊಡಗಿತು.

"ಏನಾತೋ?" ಎಂದ ಇರ್ಫಾನ.

"ಎದಿಯಾಗ ಯಾಕೋ ಗ್ಯಾಸ್ ಆದಂಗ ಆಗೇತಿ."

"ನೀ ಕುಂಡ್ರು ಯಾರ್, ನಾ ಏರ್ತೀನಿ," ಎಂದು ಅವನೇ ಏರಿದ. ಮರುದಿನವೂ ಅವನೇ ಏರಿದ. ಈಗ ಕೇಳುವುದನ್ನೂ ಬಿಟ್ಟಿದ್ದಾನೆ. ಕಂಬದ ಹತ್ತಿರ ಗಾಡಿ ನಿಲ್ಲಿಸಿದ ಕೂಡಲೇ ತಾನೇ ಬೆಲ್ಟು ಕಟ್ಟಿಕೊಳ್ಳುತ್ತಾನೆ, ನನಗೆ ನೆರಳು ತೋರಿಸುತ್ತಾನೆ. ನನ್ನ ಮೇಲೆ ಅವನಿಗೆ ಬಹಳ ಪ್ರೀತಿ.

ಮೊನ್ನೆ ಒಬ್ಬನೇ ಹೊಳೆ ದಂಡೆಯ ಆ ಹೊಲಕ್ಕೆ ಹೋಗಿದ್ದೆ. ಕಬ್ಬು ಕಡಿದಿದ್ದಾರೆ, ಕಂಬ ದೂರದಿಂದಲೇ ಕಾಣುತ್ತದೆ. ಬುಡದಲ್ಲಿ ಸ್ವಲ್ಪ ಹೊತ್ತು ನಿಂತೆ. ವಾಯರ್ ಇಲ್ಲ ಎಂಬುದು ನನಗೂ ಕಾಣುತ್ತಿತ್ತು. ಅದನ್ನು ಹೇಳುವವರು ಮಾತ್ರ ಯಾರೂ ಇರಲಿಲ್ಲ. ಗಾಡಿ ತಿರುಗಿಸಿಕೊಂಡು ಬಂದೆ.

ಆಫೀಸಿನಲ್ಲಿ ಹೇಳಬಹುದು. ಎಲ್ಲರೂ ಒಳ್ಳೆಯವರು. ಹೇಳಿದರೆ ನಾಳೆಯೇ ಶಾಲು ತರುತ್ತಾರೆ.